ಬಿಗಿ ಕಾಲು, ಬಲವಿಲ್ಲದ ಕಾಲು: ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಯಾವುದು ಮೊದಲು?

ಆಳಂದ ಕಡೆಯ ಒಬ್ಬ ಅಜ್ಜಿ ಮೊಮ್ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು, ಅವನ ಪಾದವನ್ನು ನನ್ನ ಕಡೆ ಚಾಚಿ ಹೇಳಿದರು: "ಇವನ ಕಾಲಾಗ ಭಾಳ ಶಕ್ತಿ ಅದ ನೋಡ್ರಿ ಮೇಡಂ. ಬಗ್ಗಸ್ಲಾಕ ಹೋದ್ರ ಬಗ್ಗಂಗೇ ಇಲ್ಲ." ಐದು ವರ್ಷದ ಹುಡುಗ, ಎರಡೂ ಕಾಲು ತುದಿಬೆರಳ ಮೇಲೆ. ಅವನನ್ನು ಮಣೆಯ ಮೇಲೆ ಕೂರಿಸಿ, ಕೈ ಊರದೆ ಎದ್ದು ನಿಲ್ಲಪ್ಪಾ ಅಂದೆ. ಎರಡು ಸಲ ಪ್ರಯತ್ನಪಟ್ಟ. ಮೂರನೇ ಸಲಕ್ಕೆ ತೊಡೆ ಗಡಗಡ ನಡುಗಿ, ಮೊಣಕಾಲು ಒಂದಕ್ಕೊಂದು ತಾಗಿ, ಅಜ್ಜಿಯ ಸೆರಗು ಹಿಡಿದು ಕೂತುಬಿಟ್ಟ. ಬಗ್ಗದಷ್ಟು ಬಿಗಿಯಾಗಿದ್ದ ಆ ಕಾಲಿಗೆ ಅವನ ಹದಿನೈದು ಕಿಲೋ ಮೈಯನ್ನು ಎತ್ತುವಷ್ಟು ಬಲ ಇರಲಿಲ್ಲ.

ಕಲಬುರಗಿಯಲ್ಲಿ ಫಿಸಿಯೊಥೆರಪಿ ಮಾಡುತ್ತ ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಬಿಡಿಸಬೇಕಾಗಿ ಬಂದ ಗಂಟು ಇದು. ಮನೆಯವರು ನೇರವಾಗಿ ಕೇಳುವುದು, "ಬೆಲ್ಟ್ ಬೂಟು ಹಾಕಿಸೋಣ್ರ್ಯಾ, ಇಂಜೆಕ್ಷನ್ ಕೊಡಿಸೋಣ್ರ್ಯಾ, ಆಪರೇಷನ್ನೇ ಮಾಡಿಸಿಬಿಡೋಣ್ರ್ಯಾ?" ಎಂದು. ಪಕ್ಕದೂರಿನ ಮಗುವಿಗೆ ಒಂದರಿಂದ ಗುಣ ಕಂಡಿರುತ್ತದೆ, ತಮ್ಮ ಮಗುವಿಗೂ ಅದೇ ಬೇಕು ಅನಿಸುತ್ತದೆ. ಆದರೆ ಈ ಮೂರೂ ಬೇರೆ ಬೇರೆ ತೊಂದರೆಯ ಮದ್ದು. ನಿಮ್ಮ ಮಗುವಿನ ಕಾಲಲ್ಲಿ ಇರುವುದು ಯಾವ ತೊಂದರೆ ಎಂದು ತಿಳಿಯದೆ ಆರಿಸಿದರೆ ದುಡ್ಡು ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ವರ್ಷಗಳು ಹೋಗುತ್ತವೆ.

ಸ್ನಾಯುವಿನೊಳಗೆ ಆಗುವುದೇನು

ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟು ಬಿದ್ದಿರುವುದು ಬೆಳೆಯುವ ಮೆದುಳಿಗೆ. ಆ ಪೆಟ್ಟು ಮುಂದೆ ಹೆಚ್ಚಾಗುವುದಿಲ್ಲ. ಹಾಗಿದ್ದೂ ಮೂರು ವರ್ಷಕ್ಕೆ ಹಿಮ್ಮಡಿ ಊರುತ್ತಿದ್ದ ಮಗು ಏಳಕ್ಕೆ ಊರುವುದಿಲ್ಲ, ಹತ್ತಕ್ಕೆ ಮೊಣಕಾಲು ಮಡಚಿಕೊಂಡು ನಡೆಯುತ್ತದೆ. "ಬ್ಯಾನಿ ಹೆಚ್ಚಾಗ್ಯದ" ಎಂದು ಮನೆಯವರು ಹೆದರುತ್ತಾರೆ. ಮೆದುಳು ಇದ್ದಂತೆಯೇ ಇರುತ್ತದೆ, ಬದಲಾಗಿರುವುದು ಸ್ನಾಯು.

ಸ್ನಾಯುವಿನ ಎಳೆಯೊಳಗೆ ಸಾರ್ಕೋಮಿಯರ್ ಎಂಬ ಅತಿ ಸಣ್ಣ ಘಟಕಗಳು ಸರಪಳಿಯ ಕೊಂಡಿಗಳಂತೆ ಒಂದರ ಬೆನ್ನಿಗೊಂದು ಇರುತ್ತವೆ. ಎಲುಬು ಉದ್ದವಾದಂತೆ ಸರಪಳಿಗೆ ಹೊಸ ಕೊಂಡಿಗಳು ಸೇರಬೇಕು. ಈ ಮಕ್ಕಳಲ್ಲಿ ಅವು ಬೇಕಾದಷ್ಟು ಸೇರುವುದಿಲ್ಲ, ಇದ್ದ ಕೊಂಡಿಗಳೇ ಮಿತಿಮೀರಿ ಹಿಗ್ಗಿಕೊಂಡಿರುತ್ತವೆ. ಅಷ್ಟು ಹಿಗ್ಗಿದ ಕೊಂಡಿ ಜೋರಾಗಿ ಎಳೆಯಲಾರದು. ಎಳೆಗಳ ನಡುವಿನ ಕೊಲಾಜೆನ್ ಜಾಲ ದಪ್ಪವಾಗಿ ಗಡಸಾಗುತ್ತದೆ. ಸ್ನಾಯುವನ್ನು ಬೆಳೆಸುವ, ದುರಸ್ತಿ ಮಾಡುವ ಸ್ಯಾಟಲೈಟ್ ಕೋಶಗಳೂ ಕಡಿಮೆ ಇರುತ್ತವೆ. ಹಾಗಾಗಿ ಚೆನ್ನಾಗಿ ನಡೆಯುವ ಮಗುವಿನಲ್ಲೂ ಮೀನಖಂಡ ಓರಗೆಯ ಮಕ್ಕಳಿಗಿಂತ ಸಣ್ಣದು. ಗಿಡ್ಡ, ಗಡಸು, ಸಣಕಲು: ಈ ಮೂರೂ ಒಂದೇ ಸ್ನಾಯುವಿನಲ್ಲಿ ಸೇರಿರುತ್ತವೆ.

ಇದಲ್ಲದೆ ಇನ್ನೊಂದು ಬಿಗಿತವಿದೆ. ಅದು ಮೆದುಳಿನ ಹಿಡಿತ ತಪ್ಪಿದ್ದರಿಂದ ಬರುವ ಸ್ಪಾಸ್ಟಿಸಿಟಿ. ಮಗು ಬೆಚ್ಚಿದಾಗ, ಅತ್ತಾಗ, ಅವಸರ ಮಾಡಿದಾಗ ಏರುತ್ತದೆ, ಗಾಢ ನಿದ್ದೆಯಲ್ಲಿ ಸಡಿಲವಾಗುತ್ತದೆ.

ಆರಿಸುವ ಮುಂಚೆ ಮನೆಯಲ್ಲೇ ನೋಡಬಹುದಾದದ್ದು

ಮಗುವನ್ನು ಅಂಗಾತ ಮಲಗಿಸಿ, ಮೊಣಕಾಲು ನೇರ ಇಟ್ಟು, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಪಾದವನ್ನು ಮೇಲಕ್ಕೆ ತೀರಾ ನಿಧಾನವಾಗಿ ತನ್ನಿ. ಎಲ್ಲಿ ನಿಲ್ಲುತ್ತದೆ ಗುರುತಿಟ್ಟುಕೊಳ್ಳಿ. ಈಗ ಅದನ್ನೇ ಬೇಗ ಮಾಡಿ. ಬೇಗ ಮಾಡಿದಾಗ ನಡುವೆ ಗಕ್ಕನೆ ಹಿಡಿದು, ನಿಧಾನ ಮಾಡಿದಾಗ ಪೂರ್ತಿ ಬರುತ್ತಿದ್ದರೆ ಹೆಚ್ಚಿನದು ಸ್ಪಾಸ್ಟಿಸಿಟಿ. ಎಷ್ಟೇ ನಿಧಾನ ಮಾಡಿದರೂ, ನಿದ್ದೆಯಲ್ಲಿ ನೋಡಿದರೂ ಅದೇ ಜಾಗದಲ್ಲಿ ನಿಂತರೆ ಸ್ನಾಯುವೇ ಗಿಡ್ಡವಾಗಿದೆ. ನಾವು ಟಾರ್ಡ್ಯೂ ಪರೀಕ್ಷೆ ಎಂದು ಮಾಡುವುದು ಇದನ್ನೇ, ಅಳತೆ ಹಿಡಿದು ಮಾಡುತ್ತೇವೆ ಅಷ್ಟೆ.

ಆಮೇಲೆ ಮೊಣಕಾಲು ಮಡಚಿ ಮತ್ತೊಮ್ಮೆ ನೋಡಿ. ಮಡಚಿದಾಗ ಪಾದ ಸಲೀಸಾಗಿ ಮೇಲೆ ಬಂದರೆ, ಗಿಡ್ಡವಾಗಿರುವುದು ಮೊಣಕಾಲು ದಾಟಿ ಬರುವ ಮೇಲಿನ ಸ್ನಾಯು ಗ್ಯಾಸ್ಟ್ರೋಕ್ನೀಮಿಯಸ್. ಮಡಚಿದರೂ ಬಾರದಿದ್ದರೆ ಒಳಗಿನ ಸೋಲಿಯಸ್ ಕೂಡ ಸೇರಿದೆ. ಮುಂದೆ ಆಪರೇಷನ್ ಮಾತು ಬಂದಾಗ ಎಲ್ಲಿ ಉದ್ದ ಮಾಡಬೇಕು ಎಂಬುದು ಈ ಸಣ್ಣ ವ್ಯತ್ಯಾಸದ ಮೇಲೆ ನಿಲ್ಲುತ್ತದೆ. ಆ ಮಾತು ಬಂದಾಗ ಡಾಕ್ಟರನ್ನು ಕೇಳಿ: ಮೊಣಕಾಲು ಮಡಚಿ ಮತ್ತು ನೇರ ಇಟ್ಟು, ಎರಡೂ ರೀತಿ ನೋಡಿದಿರಾ?

ಬಲದ ಪರೀಕ್ಷೆ ಇನ್ನೂ ಸುಲಭ. ಕೈ ಊರದೆ ಮಣೆಯಿಂದ ಎಷ್ಟು ಸಲ ಏಳಬಲ್ಲ? ಗೋಡೆ ಹಿಡಿದು ಒಂದೇ ಕಾಲಲ್ಲಿ ಹಿಮ್ಮಡಿ ಎತ್ತಬಲ್ಲನೇ? ಒಂದು ಮೆಟ್ಟಿಲು ಹತ್ತುವಾಗ ಯಾವ ಕಾಲು ಯಾವಾಗಲೂ ಹಿಂದೆ ಉಳಿಯುತ್ತದೆ? ಉತ್ತರ ಬರೆದಿಟ್ಟುಕೊಂಡು ಬನ್ನಿ. ಹತ್ತು ನಿಮಿಷದ ಭೇಟಿಯಲ್ಲಿ ಅಳುವ ಮಗು ನಮಗೆ ತೋರಿಸದ್ದನ್ನು ನಿಮ್ಮ ಚೀಟಿ ತೋರಿಸುತ್ತದೆ.

ಎಳೆಯುವುದೋ, ಬಲ ಕೊಡುವುದೋ

ಎಣ್ಣೆ ಹಚ್ಚಿ ತಿಕ್ಕುವುದು, ಕೈಯಲ್ಲಿ ಹಿಡಿದು ಎಳೆಯುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ನಡೆಯುತ್ತದೆ. ಮಗುವಿಗೆ ಹಿತವಾದರೆ ಮಾಡಿ, ಅವ್ವನ ಕೈಯ ಬೆಚ್ಚಗೆ ಬೇಡ ಎನ್ನುವವಳಲ್ಲ ನಾನು. ಆದರೆ ಅದರಿಂದ ಸ್ನಾಯು ಉದ್ದವಾಗುತ್ತದೆ ಎಂದು ನಂಬಿ ಕೂರಬೇಡಿ. ನರಸಂಬಂಧಿ ತೊಂದರೆ ಇರುವವರಲ್ಲಿ ಎಳೆತದಿಂದ ಕೀಲಿನ ಚಲನೆಗೆ ಹೇಳಿಕೊಳ್ಳುವಂಥ ಲಾಭವಿಲ್ಲ ಎಂದೇ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2017ರ ಕೊಕ್ರೇನ್ ಪರಾಮರ್ಶೆ ಹೇಳಿತು. ಅದಕ್ಕೂ ಮುಂಚೆ, 1988ರಲ್ಲೇ, ಫ್ರಾನ್ಸಿನ ಟಾರ್ಡ್ಯೂ ಮತ್ತು ಸಂಗಡಿಗರು ಸೋಲಿಯಸ್ ಸ್ನಾಯು ಗಿಡ್ಡವಾಗದಿರಲು ದಿನಕ್ಕೆ ಕನಿಷ್ಠ 6 ಗಂಟೆ ಚಾಚಿದ ಸ್ಥಿತಿಯಲ್ಲಿರಬೇಕು ಎಂದು ಕಂಡಿದ್ದರು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಕೈಯಲ್ಲಿ ಎಳೆದರೆ ಆ ಲೆಕ್ಕ ಹೇಗೆ ತುಂಬೀತು? ಚಾಚಿಡಲೇಬೇಕಾದರೆ ಅದು ಸ್ಪ್ಲಿಂಟ್ (ಬೆಲ್ಟ್ ಬೂಟು), ನಿಲ್ಲಿಸುವ ಸ್ಟ್ಯಾಂಡ್, ಇಲ್ಲವೇ ಪ್ಲಾಸ್ಟರ್ ಮಾಡುವ ಕೆಲಸ. ಮಗು ಅಳುವಷ್ಟು ಎಳೆಯುವುದಂತೂ ಬೇಡವೇ ಬೇಡ. ನೋವಿಗೆ ಬಿಗಿತ ಏರುತ್ತದೆ, ಮಗು ನಿಮ್ಮ ಕೈ ಕಂಡರೆ ಹೆದರುತ್ತದೆ.

ಉಳಿದ ಹೊತ್ತನ್ನು ಬಲಕ್ಕೆ ಕೊಡಿ. ಬಿಗಿ ಸ್ನಾಯುವಿಗೆ ವ್ಯಾಯಾಮ ಮಾಡಿಸಿದರೆ ಬಿಗಿತ ಹೆಚ್ಚುತ್ತದೆ ಎಂದು ಹಿಂದೆ ನಮ್ಮವರೇ ಹೇಳುತ್ತಿದ್ದರು. ಆ ಭಯಕ್ಕೆ ಆಧಾರವಿಲ್ಲ ಎಂದು ನಂತರದ ಅಧ್ಯಯನಗಳಲ್ಲಿ ಗೊತ್ತಾಯಿತು. ಬಲ ಬರಬೇಕಾದರೆ ಕೆಲಸ ಕಷ್ಟ ಅನಿಸಬೇಕು, ಎಂಟು ಹತ್ತು ಸಲ ಮಾಡುವಷ್ಟರಲ್ಲಿ ಸಾಕಪ್ಪಾ ಅನ್ನಬೇಕು. ಹೀಗೆ ಮೂರು ಸರದಿ, ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು, ಎರಡು ಮೂರು ತಿಂಗಳು. ದಿನಾ ನೂರು ಸಲ ಹಗುರಾಗಿ ಕಾಲಾಡಿಸುವುದರಿಂದ ಬಲ ಬರುವುದಿಲ್ಲ.

ಆ ಅಜ್ಜಿಯ ಮೊಮ್ಮಗನಿಗೆ ನಾವು ಮಾಡಿದ್ದು ಇಷ್ಟು. ಮೊದಲು ಎತ್ತರದ ಸ್ಟೂಲಿನಿಂದ ಏಳುವುದು. ಹತ್ತು ಸಲ ಆದ ಮೇಲೆ ಸ್ಟೂಲು ತೆಗೆದು ತಗ್ಗಿನ ಪೆಟ್ಟಿಗೆ. ಅದೂ ಸಲೀಸಾದ ಮೇಲೆ ಶಾಲೆಯ ಪಾಟಿಚೀಲಕ್ಕೆ ಜ್ವಾಳ. ಅಜ್ಜಿ ಅರ್ಧ ಕಿಲೋ ತೂಗಿ ಬಟ್ಟೆಯಲ್ಲಿ ಗಂಟು ಕಟ್ಟಿ ಚೀಲದೊಳಗಿಟ್ಟು ಬೆನ್ನಿಗೆ ಹಾಕುತ್ತಿದ್ದರು. ಎದ್ದಾಗಲೆಲ್ಲ ಗೋಡೆ ಮೇಲೆ ಸುಣ್ಣದ ಗೆರೆ. ಮೂರನೇ ತಿಂಗಳಲ್ಲಿ ಅವನು ಮಣೆಯಿಂದ, ಕೈ ಊರದೆ, ಎಂಟು ಸಲ ಎದ್ದ. ಹಿಮ್ಮಡಿ ಇನ್ನೂ ಪೂರ್ತಿ ಊರಿರಲಿಲ್ಲ. ಅದು ಬೇರೆಯೇ ತೊಂದರೆ, ಅದರ ದಾರಿಯೂ ಬೇರೆ.

ಒಂದು ಎಚ್ಚರ: ಮಂಚದ ಮೇಲೆ ಕೂತು ಕಾಲಿಗೆ ತೂಕ ಕಟ್ಟಿ ಎತ್ತಿಸಿದರೆ ಆ ಸ್ನಾಯು ಬಲವಾಗುತ್ತದೆ, ನಡಿಗೆ ಹಾಗೇ ಉಳಿಯಬಹುದು. ಏಳುವುದು, ಮೆಟ್ಟಿಲು ಹತ್ತುವುದು, ಅಡ್ಡ ನಡೆಯುವುದು, ಮೂರು ಗಾಲಿ ಸೈಕಲ್ ತುಳಿಯುವುದು: ಮಗುವಿಗೆ ನಿತ್ಯ ಬೇಕಾದ ಕೆಲಸದಲ್ಲೇ ತೂಕ ಸೇರಿಸಿ.

ಸಮತೋಲನ: ಬೀಳಲು ಬಿಡುವುದೂ ಚಿಕಿತ್ಸೆ

ನಿಮ್ಮನ್ನು ಯಾರಾದರೂ ಮೆಲ್ಲಗೆ ತಳ್ಳಿದರೆ ಮೊದಲು ಪಾದದ ಹತ್ತಿರದ ಸ್ನಾಯು ಹಿಡಿಯುತ್ತದೆ, ಆಮೇಲೆ ತೊಡೆ, ಆಮೇಲೆ ಸೊಂಟ. ಸ್ಪಾಸ್ಟಿಕ್ ಮಕ್ಕಳಲ್ಲಿ ಈ ಸರದಿ ಹಲವು ಸಲ ತಿರುಗುಮುರುಗು. ಮುಂದಿನ ಸ್ನಾಯು, ಹಿಂದಿನ ಸ್ನಾಯು ಒಟ್ಟಿಗೇ ಬಿಗಿದು ಮಗು ಕಂಬದಂತೆ ವಾಲಿ ಬೀಳುತ್ತದೆ. ನಿಶ್ಚಲವಾಗಿ ನಿಲ್ಲಿಸಿ ಅಭ್ಯಾಸ ಮಾಡಿಸಿದರೆ ಇದು ಸರಿಹೋಗುವುದಿಲ್ಲ. ಹದತಪ್ಪಿ ಮತ್ತೆ ಸಾವರಿಸಿಕೊಳ್ಳುವ ಅವಕಾಶ ನೂರಾರು ಸಲ ಸಿಗಬೇಕು.

ಟ್ರೆಡ್‌ಮಿಲ್, ಕುದುರೆ ಸವಾರಿ, ಪರದೆ ಮುಂದೆ ಆಡುವ ಆಟ ಇವೆಲ್ಲಕ್ಕೂ ಪುರಾವೆ ಇದೆ. ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಕೊರಗಬೇಡಿ, ಏಕೆಂದರೆ ಮನೆಯಲ್ಲಿ ಸಿಗುವುದೇ ಬಹಳ. ಎರಡು ಮಡಿಕೆ ಕೌದಿಯ ಮೇಲೆ ನಿಂತು ಚೆಂಡು ಹಿಡಿಯುವುದು. ಗೋಡೆಗೆ ಬೆನ್ನು ಹತ್ತಿಸದೆ ನಿಂತು ರೊಟ್ಟಿ ಬುಟ್ಟಿಯಿಂದ ಬದಿಗೆ ಚಾಚಿ ತೆಗೆದುಕೊಡುವುದು. ಕಲಬುರಗಿಯವರಾದರೆ ಸಂಜೆ ಅಪ್ಪನ ಕೆರೆ ಕಡೆ ಕರೆದೊಯ್ದು ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಸುವುದು. ಹಳ್ಳಿಯವರಾದರೆ ಹೊಲದ ಬದು ಇದ್ದೇ ಇದೆ. ನೀವು ಹಿಂದೆ ಒಂದು ಗೇಣು ದೂರ ನಿಲ್ಲಿ, ಹಿಡಿಯಲು ಕೈ ಸಿದ್ಧವಿರಲಿ, ಆದರೆ ಹಿಡಿದುಕೊಂಡೇ ಇರಬೇಡಿ. ನಮ್ಮ ಮನೆಗಳ ಶಹಾಬಾದ್ ಪರಸಿ ಒದ್ದೆಯಾದರೆ ಜಾರುತ್ತದೆ, ಒಗೆಯುವ ಜಾಗ, ಬಚ್ಚಲ ಹತ್ತಿರ ಮಾತ್ರ ಈ ಅಭ್ಯಾಸ ಬೇಡ.

ಸ್ಪ್ಲಿಂಟ್‌ನಲ್ಲಿ ಮೂರು ಬಗೆ, ತಪ್ಪು ಬಗೆ ಹಾಕಿದರೆ ಕೇಡು

ಬೆಲ್ಟ್ ಬೂಟು ಅಂತ ನಾವು ಒಂದೇ ಹೆಸರಿನಲ್ಲಿ ಕರೆದರೂ ಒಳಗೆ ಬಗೆಗಳಿವೆ. ಪಾದ ಮತ್ತು ಅದರ ಕೀಲನ್ನು ಹಿಡಿದಿಡುವ ಸ್ಪ್ಲಿಂಟ್‌ಗೆ ಎ.ಎಫ್.ಒ. ಎನ್ನುತ್ತೇವೆ. ಪೂರ್ತಿ ಗಟ್ಟಿ ಪ್ಲಾಸ್ಟಿಕ್‌ನ ಎ.ಎಫ್.ಒ. ಪಾದದ ಕೀಲನ್ನು ಅಲುಗಾಡಲು ಬಿಡುವುದಿಲ್ಲ. ಬಿಗಿತ ಜೋರಿದ್ದರೆ, ಇನ್ನೂ ನಿಲ್ಲಲು ಕಲಿಯುತ್ತಿದ್ದರೆ ಇದು ಸರಿ. ಕೀಲು ಇರುವ ಎ.ಎಫ್.ಒ. ಪಾದವನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಮೆಟ್ಟಿಲು ಹತ್ತಲು, ನೆಲದಿಂದ ಏಳಲು ಅನುಕೂಲ. ಮೊಣಕಾಲು ನೇರ ಇಟ್ಟಾಗಲೂ ಪಾದ ತೊಂಬತ್ತು ಡಿಗ್ರಿಗೆ ಬರುವ ಮಗುವಿಗೆ ಮಾತ್ರ ಇದು. ಮೊಣಕಾಲು ಮಡಚಿಕೊಂಡು ಕುಗ್ಗಿ ನಡೆಯುವ ಮಗುವಿಗೆ ಕೀಲಿನದು ಹಾಕಿದರೆ ಇನ್ನಷ್ಟು ಕುಗ್ಗುತ್ತದೆ. ಅಂಥವರಿಗೆ ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗಕ್ಕೆ ತಡೆ ಇರುವ ಬಗೆ ಬೇಕು. ಅದೂ ಮೊಣಕಾಲು ಕೈಯಲ್ಲಿ ಹಿಡಿದರೆ ನೇರವಾಗುವಂತಿದ್ದರೆ ಮಾತ್ರ ಕೆಲಸ ಮಾಡುತ್ತದೆ.

ಕ್ಯಾಂಪಿನಲ್ಲಿ ಅಳತೆ ಕೊಟ್ಟು ಐದು ತಿಂಗಳ ನಂತರ ಕೈಗೆ ಬಂದ ಸ್ಪ್ಲಿಂಟನ್ನು ಹಾಗೇ ತೊಡಿಸಿ, ಹಿಮ್ಮಡಿ ಮೇಲೆ ಹುಣ್ಣಾದ ಮಗುವನ್ನು ಕಂಡು ಹೊಟ್ಟೆ ಉರಿದಿದೆ. ಅಷ್ಟರಲ್ಲಿ ಪಾದ ಬೆಳೆದುಬಿಟ್ಟಿತ್ತು. ಹೊಸದು ಬಂದ ದಿನ ಅರ್ಧ ಗಂಟೆ ಮಾತ್ರ ಹಾಕಿ ತೆಗೆದು ಚರ್ಮ ನೋಡಿ. ಕೆಂಪು ಗುರುತು ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಮಾಡಿದವರ ಬಳಿ ವಾಪಸ್ ಒಯ್ಯಿರಿ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಪ್ಲಾಸ್ಟಿಕ್ ಒಳಗೆ ಬೆವರು ನಿಂತು ಚರ್ಮ ಕೆಡುತ್ತದೆ. ದಿನಕ್ಕೆ ಎರಡು ಜೊತೆ ಹತ್ತಿ ಸಾಕ್ಸ್ ಬದಲಿಸಿ, ಸುಕ್ಕು ಇಲ್ಲದಂತೆ ಎಳೆದು ತೊಡಿಸಿ. ದಿನದಲ್ಲಿ ಸ್ವಲ್ಪ ಹೊತ್ತಾದರೂ ಬಿಚ್ಚಿಡಿ, ಪಾದ ತಾನೇ ಸಾವರಿಸುವುದನ್ನು ಕಲಿಯಬೇಕಲ್ಲ.

ವಾಕರ್ ವಿಷಯ ಬೇಗ ಮುಗಿಸಬಹುದು. ಮುಂದೆ ತಳ್ಳುವ ವಾಕರ್‌ನಲ್ಲಿ ಮಗು ಅದರ ಮೇಲೆ ಬಾಗಿಬಿಡುತ್ತದೆ. ಹಿಂದೆ ಎಳೆದುಕೊಂಡು ಹೋಗುವ ವಾಕರ್‌ನಲ್ಲಿ ಬೆನ್ನು ಹೆಚ್ಚು ನೆಟ್ಟಗಿರುತ್ತದೆ, ಹೆಚ್ಚಿನ ಮಕ್ಕಳಿಗೆ ನಾನು ಇದನ್ನೇ ಹೇಳುತ್ತೇನೆ. ಗಾಲಿ ದೊಡ್ಡದಿರಲಿ. ಮಳೆಗಾಲದ ಎರೆ ಮಣ್ಣಿನಲ್ಲಿ ಸಣ್ಣ ಗಾಲಿ ನಾಲ್ಕು ಹೆಜ್ಜೆಗೆ ಹೂತುಹೋಗುತ್ತದೆ. ಶಾಲೆ ದೂರವಿದ್ದರೆ ಗಾಲಿಕುರ್ಚಿಯಲ್ಲಿ ಕಳಿಸಿ, ತರಗತಿಯೊಳಗೆ ವಾಕರ್ ಕೊಡಿ. ದಣಿದು ಶಾಲೆ ಮುಟ್ಟಿದ ಮಗು ಅಕ್ಷರ ಕಲಿಯುವುದು ಯಾವಾಗ?

ಪ್ಲಾಸ್ಟರ್, ಇಂಜೆಕ್ಷನ್, ಆಪರೇಷನ್

ಸ್ನಾಯು ಗಿಡ್ಡವಾಗಿದ್ದು ಇನ್ನೂ ಸ್ವಲ್ಪವೇ ಆಗಿದ್ದರೆ ಸರಣಿ ಪ್ಲಾಸ್ಟರ್ ಒಳ್ಳೆಯ ಆಯ್ಕೆ. ವಾರಕ್ಕೊಮ್ಮೆ ಬದಲಿಸುತ್ತ ಕೆಲವು ವಾರಗಳಲ್ಲಿ ಪಾದವನ್ನು ಸ್ವಲ್ಪಸ್ವಲ್ಪವೇ ಮೇಲೆ ತರುತ್ತಾರೆ. ಖರ್ಚು ಕಡಿಮೆ, ಆದರೆ ಪ್ರತಿ ವಾರ ಬರಬೇಕು. ಬಿಚ್ಚಿದ ದಿನವೇ ಸ್ಪ್ಲಿಂಟ್ ಮತ್ತು ವ್ಯಾಯಾಮ ಶುರುವಾಗದಿದ್ದರೆ ಸಿಕ್ಕಿದ್ದು ಕೈತಪ್ಪುತ್ತದೆ.

ಬೊಟ್ಯುಲಿನಮ್ ಇಂಜೆಕ್ಷನ್ ಸ್ಪಾಸ್ಟಿಸಿಟಿಗೆ. ಗಿಡ್ಡ ಸ್ನಾಯುವನ್ನು ಅದು ಉದ್ದ ಮಾಡದು. ಕೆಲವು ದಿನಗಳಲ್ಲಿ ಸಡಿಲವಾಗಿ, ತಿಂಗಳ ಹೊತ್ತಿಗೆ ಹೆಚ್ಚಾಗಿ, ಮೂರರಿಂದ ಆರು ತಿಂಗಳೊಳಗೆ ಪರಿಣಾಮ ಇಳಿಯುತ್ತದೆ. ಆ ತಿಂಗಳುಗಳು ವ್ಯಾಯಾಮಕ್ಕೆ ಸಿಕ್ಕ ಕಿಟಕಿ ಅಷ್ಟೆ. ಚುಚ್ಚಿದ ಸ್ನಾಯು ಸ್ವಲ್ಪ ಸೊರಗುವುದೂ ಉಂಟು, ಮೊದಲೇ ಸಣಕಲಾದ ಮೀನಖಂಡಕ್ಕೆ ಮೇಲಿಂದ ಮೇಲೆ ಕೊಡಿಸುವ ಮುಂಚೆ ಯೋಚಿಸಬೇಕು. ಬ್ಯಾಕ್ಲೋಫೆನ್ ಗುಳಿಗೆ ಇಡೀ ಮೈಯನ್ನು ಸಡಿಲ ಮಾಡುತ್ತದೆ, ತೂಕಡಿಕೆ ತರುತ್ತದೆ. ಮೈಯೆಲ್ಲ ಬಿಗಿಯಾದ ಮಕ್ಕಳಿಗೆ ಅದು. ಡಾಕ್ಟರು ಹೇಳದೆ ಥಟ್ಟನೆ ನಿಲ್ಲಿಸಬೇಡಿ, ಅಪಾಯವಿದೆ.

ಆಪರೇಷನ್ ಬಗ್ಗೆ ನನ್ನ ಮಾತು ಸ್ಪಷ್ಟ. ನಾಲ್ಕೈದು ವರ್ಷಕ್ಕೇ ಎರಡೂ ಹಿಮ್ಮಡಿಯ ಸ್ನಾಯುರಜ್ಜು ಉದ್ದ ಮಾಡಿಸಿದರೆ ಮಗು ಮೊದಲು ಚೆಂದ ನಿಂತಂತೆ ಕಾಣುತ್ತದೆ. ಆದರೆ ಮೀನಖಂಡ ಅತಿಯಾಗಿ ಸಡಿಲವಾದರೆ ವರ್ಷ ಕಳೆದಂತೆ ಮೊಣಕಾಲು ಮಡಚಿ ಕುಗ್ಗಿ ನಡೆಯುತ್ತದೆ. ಅದನ್ನು ಸರಿಪಡಿಸುವುದು ಮೊದಲಿನ ತುದಿಗಾಲಿಗಿಂತ ಕಷ್ಟ. ಸಾಧ್ಯವಿದ್ದಷ್ಟು ಪ್ಲಾಸ್ಟರ್, ಸ್ಪ್ಲಿಂಟ್, ವ್ಯಾಯಾಮದಲ್ಲಿ ತಳ್ಳಿ, ಸುಮಾರು 8ರಿಂದ 12 ವರ್ಷದ ನಡುವೆ ಸೊಂಟ, ಮೊಣಕಾಲು, ಪಾದ ಬೇಕಾದದ್ದೆಲ್ಲವನ್ನೂ ಒಂದೇ ಸಲಕ್ಕೆ ಮಾಡಿಸುವುದು ಈಗ ಒಪ್ಪಿತವಾದ ಕ್ರಮ. ಆಪರೇಷನ್ ನಂತರ ಬಲ ಮರಳಲು ಒಂದು ವರ್ಷ ಹಿಡಿಯುತ್ತದೆ. ಆ ಒಂದು ವರ್ಷ ನಿಮ್ಮಿಂದ ಆಗುತ್ತದೆಯೇ ಎಂದು ಮೊದಲೇ ಮನೆಯಲ್ಲಿ ಕೂತು ಮಾತಾಡಿ.

ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳುವವರ ಬಳಿ ಹೊಲ ಮಾರಿ ಹೋಗಬೇಡಿ. ಸಂಶೋಧನೆಯ ಹೊರಗೆ ಸೆರೆಬ್ರಲ್ ಪಾಲ್ಸಿಗೆ ಇದನ್ನು ಮಾರುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) 2017ರ ಮಾರ್ಗಸೂಚಿ ಒಪ್ಪುವುದಿಲ್ಲ.

ದೂರದ ಊರೋ, ಮನೆಯೋ

ಸುರಪುರದಿಂದ, ಚಿಂಚೋಳಿಯಿಂದ ದಿನಾ ಬಸ್ಸಿನಲ್ಲಿ ಮಗುವನ್ನು ಹೊತ್ತು ತರುವುದು ಯಾರಿಂದಲೂ ಆಗದು. ತರಬೇಕಾದ ಅಗತ್ಯವೂ ಇಲ್ಲ. ಎರಡು ವಾರಕ್ಕೊಮ್ಮೆ ಬಂದು, ಮುಂದಿನ ಎರಡು ವಾರದ ಕೆಲಸ ಕಲಿತು, ಮನೆಯಲ್ಲಿ ಮಾಡಿದ ಮಕ್ಕಳು ದಿನಾ ಬಂದು ಮಲಗಿಸಿಕೊಂಡು ಎಳೆಸಿಕೊಂಡ ಮಕ್ಕಳಿಗಿಂತ ಮುಂದೆ ಹೋಗಿದ್ದನ್ನು ಕಂಡಿದ್ದೇನೆ. ವಯಸ್ಸು ಸಣ್ಣದಿದ್ದಷ್ಟೂ ಬೇಗ ಬನ್ನಿ. ಕೂರುವ, ನಿಲ್ಲುವ, ನಡೆಯುವಂಥ ದೊಡ್ಡ ಚಲನೆಯ ಸಾಮರ್ಥ್ಯದಲ್ಲಿ ನೂರಕ್ಕೆ ಸುಮಾರು 90 ಪಾಲು 5 ವರ್ಷದೊಳಗೇ ಬಂದುಬಿಡುತ್ತದೆ. ಮಗು ಎಷ್ಟು ಓಡಾಡಬಲ್ಲದು ಎಂದು ತೋರಿಸುವ ಜಿ.ಎಂ.ಎಫ್.ಸಿ.ಎಸ್. ಎಂಬ ಐದು ಮಟ್ಟದ ಅಳತೆಯಲ್ಲಿ (ಒಂದು ಹಗುರ, ಐದು ತೀವ್ರ) ನಿಮ್ಮ ಮಗು ಎಲ್ಲಿದೆ ಎಂದು ಕೇಳಿ ಬರೆಸಿಕೊಳ್ಳಿ. ಒಂದು, ಎರಡನೇ ಮಟ್ಟದವರಿಗೆ ಬಲ ಮತ್ತು ಸಮತೋಲನವೇ ಮುಖ್ಯ ಕೆಲಸ. ಮೂರಕ್ಕೆ ವಾಕರ್ ಸೇರುತ್ತದೆ. ನಾಲ್ಕು, ಐದಕ್ಕೆ ಕೂರುವ ಭಂಗಿ, ನಿಲ್ಲಿಸುವ ಸ್ಟ್ಯಾಂಡ್, ಒಳ್ಳೆಯ ಕುರ್ಚಿ, ಸೊಂಟದ ಮೇಲೆ ನಿಗಾ.

ಕಾಗದಪತ್ರ ಬಾಕಿ ಇಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡ್ ಇದ್ದರೆ ಕೇಂದ್ರ ಸರ್ಕಾರದ ಎ.ಡಿ.ಐ.ಪಿ. ಯೋಜನೆಯಲ್ಲಿ ಸಾಧನಗಳಿಗೆ ಅರ್ಜಿ ಹಾಕಬಹುದು. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಅದರಲ್ಲಿ ಥೆರಪಿಯ ಖರ್ಚಿಗೂ ಒಂದು ಪಾಲು. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗುತ್ತಾರೆ.

ಆಯ್ಕೆ ಇಲ್ಲದ ಒಂದು ವಿಷಯ

ಇಷ್ಟೆಲ್ಲ ಹೋಲಿಸಿದೆ. ಸೊಂಟದ ಎಕ್ಸ್‌ರೇಗೆ ಮಾತ್ರ ಹೋಲಿಕೆ ಇಲ್ಲ, ಅದು ಆಗಲೇಬೇಕು. ಸೆರೆಬ್ರಲ್ ಪಾಲ್ಸಿ ಇರುವ ಮೂವರಲ್ಲಿ ಸುಮಾರು ಒಬ್ಬರಿಗೆ ತೊಡೆಯೆಲುಬಿನ ಮೇಲ್ತುದಿಯ ಗುಂಡು ಸೊಂಟದ ಕುಳಿಯಿಂದ ಜಾರತೊಡಗುತ್ತದೆ. ಐದನೇ ಮಟ್ಟದ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು. ಶುರುವಿನಲ್ಲಿ ನೋವಿರುವುದಿಲ್ಲ, ಅಳುವುದಿಲ್ಲ, ಹೊರಗೆ ಏನೂ ಕಾಣುವುದಿಲ್ಲ. ಕಾಲು ಅಗಲಿಸಿ ಚಡ್ಡಿ ಬದಲಿಸುವುದು ಕಷ್ಟವಾಗತೊಡಗಿತು ಎಂದು ತಾಯಿಗೆ ಅನಿಸುವ ಹೊತ್ತಿಗೆ ಬಹಳ ಜಾರಿರುತ್ತದೆ. ಎರಡು ವರ್ಷದೊಳಗೆ ಮೊದಲ ಎಕ್ಸ್‌ರೇ ತೆಗೆಸಿ. ನಡೆಯಲಾಗದ ಮಕ್ಕಳಿಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ, ಡಾಕ್ಟರು ಹೇಳಿದಂತೆ. ಹಳೆಯ ಫಿಲ್ಮ್‌ಗಳನ್ನು ಮಡಚದೆ, ಮೇಲೆ ತಾರೀಖು ಬರೆದು, ಒಂದೇ ಚೀಲದಲ್ಲಿಟ್ಟು ಪ್ರತಿ ಸಲ ತನ್ನಿ. ಹೋದ ವರ್ಷದ್ದನ್ನೂ ಈ ವರ್ಷದ್ದನ್ನೂ ಬೆಳಕಿಗೆ ಅಕ್ಕಪಕ್ಕ ಹಿಡಿದಾಗಲೇ ಗುಂಡು ಜಾರಿದೆಯೋ ಇಲ್ಲವೋ ನಮಗೆ ಗೊತ್ತಾಗುವುದು.